ಕಡಲೇ ಹಾಕಿ ಅಂದವಳು ನಾನು

ಕಳೆದ ಬುಧವಾರ ಬೆಳಿಗ್ಗೆ ಭಟ್ಕಳ ಬಂದರಿನಲ್ಲಿ, ಐಸ್ ಪುಡಿ ಮಾಡುವ ಮಿಷಿನ್ನಿನ ಎದುರು ಮೊಬೈಲ್ ಹಿಡಿದು ಹತ್ತು ನಿಮಿಷ ನಿಂತಿದ್ದೆ. ಕಿವಿ ಕಿತ್ತುಹೋಗುವಂಥ ಗಡಗಡ ಸದ್ದು. ಸೀರೆಯ ಮೇಲೆಲ್ಲ ಐಸಿನ ಹುಡಿ. ಮೀನಿನ ಬುಟ್ಟಿ ಹೊತ್ತಿದ್ದವನೊಬ್ಬ ಕೇಳಿಯೇ ಬಿಟ್ಟ, "ಎಂತ ಅಕ್ಕೋರೇ, ರೀಲ್ಸಾ?"

(ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ರಿಟೈರ್ ಆಗಿ ಆರು ವರ್ಷವಾದರೂ ಆ ಪದವಿ ಹೋಗಿಲ್ಲ. ಎಲ್ಲದಕ್ಕೂ ನಾನೇ ಉತ್ತರ ಹೇಳುವ ಚಟವೂ ಹೋಗಿಲ್ಲ.)

ರೀಲ್ಸ್ ಅಲ್ಲ. ನಾನು ಮಾಡಿದ ಒಂದು ತಪ್ಪನ್ನು ಸರಿಪಡಿಸಲು ಹೋಗಿದ್ದೆ.

ಮಾದೇವಿ ನಮ್ಮ ಮನೆಗೆ ಮೀನು ತರುವವಳು. ಎರಡು ವರ್ಷದ ಹಿಂದೆ ಅವಳ ಗಂಡ ಹೋಗಿದ್ದ ದೋಣಿ ಮಗುಚಿತು. ಜೊತೆಗಿದ್ದ ಇಬ್ಬರು ಈಜಿ ದಡ ಸೇರಿದರು. ದೋಣಿಯೂ ಸಿಕ್ಕಿತು. ಅವನು ಮಾತ್ರ ಸಿಗಲಿಲ್ಲ. ಅಲ್ಲಿಂದ ಮಾದೇವಿಗೆ ನಿದ್ದೆಯಿಲ್ಲ. ಎದೆ ಢವಢವ, ಕೈ ನಡುಕ. ನಮ್ಮ ಜಗಲಿಯಲ್ಲೇ ಮೀನು ಹೆಚ್ಚುವಾಗ ಎರಡು ಸಲ ಬೆರಳು ಕೊಯ್ದುಕೊಂಡಳು. ಎರಡನೇ ಸಲ ಹೊಲಿಗೆ ಬಿತ್ತು. ಹೀಗೇ ಬಿಟ್ಟರೆ ಈ ಹೆಂಗಸು ಉಳಿಯುವುದಿಲ್ಲ ಅಂತ ನನಗೆ ಭಯವಾಯಿತು.

ಬಿಟ್ಟಿ ಸಲಹೆಗೆ ಬರವೇ? ಬಿಸಿ ಹಾಲು ಕುಡಿ ಅಂದೆ. ಜಾಯಿಕಾಯಿ ತೇಯ್ದು ನೆಕ್ಕು ಅಂದೆ. ಕೊನೆಗೆ ಡಾಕ್ಟರ ಹತ್ತಿರ ಕಳಿಸಿದೆ. ಅವರು ಗುಳಿಗೆ ಕೊಟ್ಟರು. ನಾಲ್ಕೇ ದಿನಕ್ಕೆ ಬಿಟ್ಟಳು.

"ಅದು ತಕಂಡ್ರೆ ಸತ್ತಂಗೆ ನಿದ್ರೆ ಅಕ್ಕೋರೇ. ಬಾಗ್ಲು ಬಡ್ದ್ರೂ ಕೇಳೂದಿಲ್ಲ."

"ನಿನ್ನ ಬಾಗ್ಲು ಯಾರು ಬಡೀತಾರೆ ಮಾರಾಯ್ತಿ?" ಅಂದೆ. ಅವಳು ಬುಟ್ಟಿ ಎತ್ತಿಕೊಂಡು ಹೋದಳು.

ಆಗಲೇ ಕುಮಟಾದ ಥೆರಪಿಸ್ಟ್ ಹುಡುಗಿಯ ವಿಷಯ ಕಿವಿಗೆ ಬಿತ್ತು. ಗಾಬರಿಯಿಂದ ನಿದ್ದೆಗೆಟ್ಟವರಿಗೆ ಮೆದುಳಿನ ಅಭ್ಯಾಸ ಮಾಡಿಸುತ್ತಾಳಂತೆ. ಗುಳಿಗೆಯಿಲ್ಲ, ಸೂಜಿಯಿಲ್ಲ. ಮಾದೇವಿಯನ್ನು ಬಸ್ಸು ಹತ್ತಿಸಿ ನಾನೂ ಜೊತೆಗೆ ಹೋದೆ.

ಹಾಸನದ ಕಡೆಯ ಹುಡುಗಿ, ಬಹಳ ತಾಳ್ಮೆಯವಳು. ಮಾದೇವಿಯ ತಲೆಗೆ ಅಂಟು ಹಚ್ಚಿ ಸಣ್ಣ ವೈರುಗಳನ್ನು ಕೂರಿಸಿದಳು. (ಕರೆಂಟು ಕೊಡುವುದಿಲ್ಲ, ನಾನೇ ಮೂರು ಸಲ ಕೇಳಿಕೊಂಡೆ.) ಮೆದುಳು ಎಷ್ಟು ಗಾಬರಿಯಲ್ಲಿದೆ ಎಂದು ಕಂಪ್ಯೂಟರ್ ನೋಡುತ್ತಿರುತ್ತದೆ. ಕಿವಿಗೆ ಹೆಡ್‌ಫೋನು. ಮೆದುಳು ಶಾಂತವಾದಷ್ಟೂ ಇಷ್ಟದ ಸದ್ದು ಜೋರಾಗಿ ಕೇಳುತ್ತದೆ, ಗಾಬರಿಯಾದರೆ ಕುಗ್ಗುತ್ತದೆ. ಹಾಗೆ ಕೇಳುತ್ತ ಕೇಳುತ್ತ ಮೆದುಳು ತಾನೇ ಸಮಾಧಾನ ಕಲಿಯುತ್ತದೆ ಅನ್ನುವುದು ಲೆಕ್ಕಾಚಾರ.

"ಯಾವ ಸೌಂಡ್ ಹಾಕಲಿ ಅಮ್ಮಾ? ಮಳೆ ಇದೆ, ಕೊಳಲು ಇದೆ, ಸಮುದ್ರ ಇದೆ" ಅಂತ ಹುಡುಗಿ ಕೇಳಿದ್ದು ಮಾದೇವಿಯನ್ನು.

ಉತ್ತರ ಕೊಟ್ಟವಳು ನಾನು. "ಕಡಲೇ ಹಾಕಿ. ಇವಳು ಹುಟ್ಟಿ ಬೆಳೆದದ್ದೇ ಕಡಲ ಬದಿಗೆ."

ಐದು ಗುರುವಾರ ಹೋದೆವು. ಬಸ್ಸು ಹೊನ್ನಾವರದ ಶರಾವತಿ ಸೇತುವೆ ಹತ್ತಿದಾಗೆಲ್ಲ ಮಾದೇವಿ ಕಡಲಿಗೆ ಬೆನ್ನು ಹಾಕಿ, ಗೇರುಸೊಪ್ಪದ ಗುಡ್ಡಗಳ ಕಡೆಗೆ ಮುಖ ತಿರುಗಿಸಿ ಕೂರುತ್ತಿದ್ದಳು. ಗುಡ್ಡ ನೋಡುವ ಆಸೆ ಅಂದುಕೊಂಡೆ. ನಾನೆಂಥ ಟೀಚರು?

ನಿದ್ದೆ ಬರುವ ಬದಲು ಇದ್ದ ಒಂದೆರಡು ತಾಸೂ ಹೋಯಿತು. ಕೊನೆಗೆ ಹುಡುಗಿ ಹೆಡ್‌ಫೋನು ತೆಗೆದು ಕೇಳಿದಳು, "ಅಮ್ಮಾ, ಸದ್ದು ಸ್ವಲ್ಪ ಏರಿದ ಕೂಡಲೇ ಗಾಬರಿ ಆಗ್ತೀರಲ್ಲ, ಯಾಕೆ?"

ಮಾದೇವಿ ಮೊದಲು ನನ್ನ ಮುಖ ನೋಡಿದಳು. "ಕಡ್ಲು ಕೂಗಿದ್ರೆ ನಮ್ಮ ಕೇರೀಲಿ ಹೆಂಗಸ್ರು ಯಾರೂ ಮಲ್ಗೂದಿಲ್ಲ" ಅಂದಳು.

ಗಂಡಸರು ನೀರಿನ ಮೇಲಿದ್ದಾಗ ಈ ಹೆಂಗಸರು ಮನೆಯೊಳಗಿಂದಲೇ ತೆರೆಯ ಸದ್ದು ಕೇಳಿ ಗಾಳಿ ಅಳೆಯುತ್ತಾರೆ. ಸದ್ದು ಏರಿತೋ, ಎದ್ದು ಕೂರಬೇಕು. ಇಳಿದರೆ ಮಲಗಬಹುದು. ಅತ್ತೆಯಿಂದ ಸೊಸೆ ಕಲಿತದ್ದು. ನಾನು ಮಾಡಿಸಿದ್ದೇನು? ಅವಳ ಜೀವ ಒಂದು ಚೂರು ತಣ್ಣಗಾದ ಕೂಡಲೇ ಕಿವಿಯೊಳಗೆ ಕಡಲೆಬ್ಬಿಸಿದ್ದು. ಐದು ವಾರ!

"ಮೊದ್ಲೇ ಹೇಳಬಾರದಿತ್ತಾ ಮಾದೇವಿ?"

"ಮದ್ದು ಅಂದ್ಮೇಲೆ ಕಷ್ಟ ಇರ್ತದೆ ಅಂದ್ಕಂಡೆ. ನೀವೇ ಹೇಳಿದ್ದಲ್ಲಾ ಅಕ್ಕೋರೇ."

ನಾನು ಅಲ್ಲೇ ಅತ್ತುಬಿಟ್ಟೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಯಾವ ಆಸ್ಪತ್ರೆಗೆ ಬೇಕಾದರೂ ಹೋಗಿ ನೋಡಿ. ಡಾಕ್ಟರು ರೋಗಿಯನ್ನು ಕೇಳುತ್ತಾರೆ, "ಎಲ್ಲಿ ನೋವು?" ಬದಿಯಲ್ಲಿ ನಿಂತವರು ಹೇಳುತ್ತಾರೆ. ಅಪ್ಪನ ಹೊಟ್ಟೆ, ಹೆಂಡತಿಯ ಸೊಂಟ, ಎಲ್ಲವೂ ನಮಗೇ ಗೊತ್ತು. ಪ್ರೀತಿ ಅಂತಲೇ ಮಾಡುತ್ತೇವೆ, ಸುಳ್ಳಲ್ಲ. ಆದರೆ ಅವರ ಬಾಯಿಗೆ ನಾವು ಜಾಗ ಬಿಟ್ಟಿರುತ್ತೇವಾ?

ಹುಡುಗಿ ನನ್ನ ಕಡೆ ಕೈ ಅಡ್ಡ ಹಿಡಿದು ಮಾದೇವಿಯನ್ನೇ ಮತ್ತೆ ಕೇಳಿದಳು, "ನಿಮಗೆ ಯಾವ ಸದ್ದು ಬೇಕು?"

ಮಾದೇವಿ ಹುಡುಗಿಯ ಕಡೆ ತಿರುಗಿದಳು. "ಐಸಿನ ಮಿಷಿನ್ದು ಸಿಕ್ತದಾ? ಮದುವೆ ಆದ ಹೊಸ್ತ್ರಲ್ಲಿ ನಮ್ಮನೆ ಬಂದರಿನ ಬದಿಗೇ ಇತ್ತು. ಮಿಷಿನ್ ಶುರು ಆತು ಅಂದ್ರೆ ದೋಣಿ ಎಲ್ಲ ಬಂತು, ಮೀನು ಇಳೀತು ಅಂತ. ಆಮೇಲೆ ಕಣ್ಣು ಎಳೀತಿತ್ತು."

ಅದಕ್ಕೇ ಬುಧವಾರ ನಾನು ಬಂದರಿನಲ್ಲಿದ್ದದ್ದು.

ಗುರುವಾರ ಹನ್ನೊಂದು ಗಂಟೆ. ಹೊರಗೆ ಬಿಸಿಲು, ಬಸ್ಸಿನ ಹಾರ್ನು. ಹುಡುಗಿ ನನ್ನ ಮೊಬೈಲಿನ ಗಡಗಡವನ್ನು ಕಂಪ್ಯೂಟರಿಗೆ ಏರಿಸಿ ಶುರು ಮಾಡಿದಳು. ಮಾದೇವಿಯ ಮುಷ್ಟಿ ನಿಧಾನಕ್ಕೆ ಬಿಚ್ಚಿತು. ಹೊಲಿಗೆ ಬಿದ್ದ ಬೆರಳು ಮೊಣಕಾಲ ಮೇಲೆ ಸಡಿಲವಾಗಿ ಬಿತ್ತು. ತಲೆ ಕುರ್ಚಿಗೆ ಒರಗಿತು. ಸಣ್ಣಗೆ ಗೊರಕೆ. ನಲವತ್ತು ನಿಮಿಷ ಮಲಗಿದಳು. ಎರಡು ವರ್ಷದಲ್ಲಿ ಆ ಮುಖವನ್ನು ಅಷ್ಟು ಹಗುರವಾಗಿ ನಾನು ಕಂಡಿರಲಿಲ್ಲ.

ಹುಡುಗಿ ಮೆಲ್ಲಗೆ ಸದ್ದು ಇಳಿಸಿದಳು. ಮಾದೇವಿ ಕಣ್ಣು ಬಿಟ್ಟಳು. ಬಾಗಿಲ ಕಡೆ ನೋಡಿದಳು, ಸೆರಗು ಸರಿ ಮಾಡಿಕೊಂಡಳು, ಆಮೇಲೆ ನನ್ನನ್ನು ಕೇಳಿದಳು:

"ಅವ್ರು ಬಂದ್ರಾ ಅಕ್ಕೋರೇ?"

ಎಲ್ಲದಕ್ಕೂ ಉತ್ತರ ಇಟ್ಟುಕೊಂಡವಳು ನಾನು. ಇದಕ್ಕೆ ಏನು ಹೇಳಲಿ, ನೀವೇ ಹೇಳಿ?