ಕುಂಕುಮ ಹಚ್ಚಿದ ಬೆಲ್ಟು

ದಸರೆಯ ಖಂಡೇಪೂಜೆಗೆಂದು ಮೊನ್ನೆ ನಟ್ಟು ಬಿಗಿಯುವ ಪಾನಾ, ಸುತ್ತಿಗೆ ಒರೆಸಿ ಸಾಲಾಗಿ ಇಡುವಾಗ ಊದಿನಕಡ್ಡಿಯ ಜೊತೆ ಗ್ರೀಸಿನ ವಾಸನೆ ಬಂತು. ನಮ್ಮ ಸೇಫ್ಟಿ ಮಾಸ್ತರರು ನೆನಪಾದರು. ಅದರ ಹಿಂದೆಯೇ ನಮ್ಮ ಮಂದಿಯ ಮೇಲೆ ಸಿಟ್ಟೂ ಬಂತು...

ರಾಯಬಾಗದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಫಿಟ್ಟರ್, ನನ್ನ ತಮ್ಮ ವೆಲ್ಡರ್. ಎತ್ತರದಲ್ಲಿ ಕೆಲಸ ಮಾಡುವವರಿಗೆ ತರಬೇತಿ ಕೊಡಲು ಮಾಸ್ತರರು ಸದಲಗಾದಿಂದ ಬರುತ್ತಿದ್ದರು. ಹೆಗಲಿಗೆ, ಎದೆಗೆ, ತೊಡೆಗೆ ಪಟ್ಟಿ ಬಿಗಿಯುವ ಬೆಲ್ಟು ಹಾಕುವುದು ಹೇಗೆ, ಹುಕ್ಕು ಸಿಕ್ಕಿಸುವುದು ಎಲ್ಲಿ ಎಂದು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹೇಳಿ ಹೇಳಿ ಅವರ ಗಂಟಲು ಹರಿಯುತ್ತಿತ್ತು. ಒಬ್ಬರೂ ಬೆಲ್ಟು ಮುಟ್ಟುತ್ತಿರಲಿಲ್ಲ. ಬೇಸತ್ತು ಒಂದು ವರ್ಷ ಖಂಡೇಪೂಜೆಗೆ ಬೆಲ್ಟುಗಳನ್ನೂ ಇಡಿಸಿದರು, ಹಾಗಾದರೂ ಬೆಲೆ ಕೊಟ್ಟಾರು ಎಂದು.

ಕೊಟ್ಟರು ನೋಡಿ ಬೆಲೆ! ಕುಂಕುಮ ಹಚ್ಚಿದ್ದನ್ನು ತೊಡೆಗೆ ಹೇಗೆ ಕಟ್ಟುವುದು ಎಂದು ಎಲ್ಲರೂ ಕೆಳಗಿನ ಪಟ್ಟಿ ಬಿಟ್ಟು ಮೇಲಿನದನ್ನಷ್ಟೇ ಹಾಕತೊಡಗಿದರು. ಮಾಸ್ತರರು ಹಣೆ ಚಚ್ಚಿಕೊಂಡರು. ಹಾಗೆ ಬಿದ್ದರೆ ಬೆಲ್ಟು ಮೇಲೆಯೇ ಉಳಿದು ಮನುಷ್ಯ ಅದರೊಳಗಿಂದ ಜಾರಿ ಹೋಗುತ್ತಾನೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಕೇಳುವವರು ಯಾರು? ಎಲ್ಲರಿಗಿಂತ ಮೊಂಡ ನನ್ನ ತಮ್ಮ. ದೇವರ ವಿಷಯಕ್ಕೆ ಬರಬೇಡಿ ಎಂದುಬಿಟ್ಟ.

ಅವತ್ತು ಮಾಸ್ತರರು ಬಾಯ್ಲರ್ ಮನೆಯ ಏಣಿಗೆ ಅಡ್ಡವಾಗಿ ಕೂತೇಬಿಟ್ಟರು. ಕಬ್ಬು ಅರೆಯುವ ಹಂಗಾಮು ತಲೆಯ ಮೇಲೆ ಬಂದಿದೆ, ಏಳಿ ಎಂದು ಮ್ಯಾನೇಜರ್ ಕೂಗಾಡಿದರೂ ಜಗ್ಗಲಿಲ್ಲ.

"ಪಾಪ ಬಂದ್ರ ನನಗ ಬರ್ಲಿ. ನೀ ತೊಡಿ ಪಟ್ಟಿ ಬಿಗಿ, ಆಮ್ಯಾಲ ಹತ್ತು," ಎಂದರು ತಮ್ಮನಿಗೆ.

ಅವನು ಗೊಣಗುತ್ತ ಬಿಗಿದುಕೊಂಡು ಹತ್ತಿದ. ಮಧ್ಯಾಹ್ನ ಮಾಡಿನ ತಗಡು ಅವನ ಕಾಲಡಿ ಕುಸಿಯಿತು... ಬೆಲ್ಟಿಗೆ ಜೋತುಬಿದ್ದ. ಕೆಳಗೆ ನಿಂತಿದ್ದ ನಾನು ಏಣಿಯತ್ತ ಓಡಿದೆ. ಇಳಿಸುವವರೆಗೂ ಮಾಸ್ತರರು ಅವನನ್ನು ಬೈಯುತ್ತಲೇ ಇದ್ದರು.

ಇಷ್ಟಾದರೂ, ಕೆಲಸ ನಿಲ್ಲಿಸುವ ಮನುಷ್ಯ ಬೇಡ ಎಂದು ಮ್ಯಾನೇಜರ್ ಮರುವರ್ಷದಿಂದ ಅವರನ್ನು ಕರೆಸಲೇ ಇಲ್ಲ. ನಮ್ಮಲ್ಲೂ ಯಾರೊಬ್ಬರೂ ಯಾಕೆಂದು ಕೇಳಲಿಲ್ಲ.

ಮೊನ್ನೆ ಪೂಜೆ ಮುಗಿದ ಮೇಲೆ ಸದಲಗಾದ ಹಾಲಿನ ಗಾಡಿಯವನನ್ನು ವಿಚಾರಿಸಿದೆ. ಮಾಸ್ತರರು ತೀರಿಕೊಂಡು ಎಷ್ಟೋ ದಿನವಾಯಿತಂತೆ. ನಾವು ಯಾರೂ ಅವರ ಮಣ್ಣಿಗೂ ಹೋಗಲಿಲ್ಲ. ಮನೆಗೆ ಬಂದು ತಮ್ಮನಿಗೆ ಹೇಳಿದೆ. ಅವನು ಮಗಳಿಗೆ ಹಾಲು ರೊಟ್ಟಿ ಕಲಸಿ ತಿನ್ನಿಸುತ್ತಿದ್ದ.

"ಭಾಳ ಕಿರಿಕಿರಿ ಮನಷ್ಯಾ ಇದ್ದ ನೋಡಣ್ಣಾ ಅಂವಾ," ಎಂದ.

ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಆ ಹುಡುಗಿ ಹುಟ್ಟಿದ್ದು ಅವನು ಬೆಲ್ಟಿಗೆ ಜೋತುಬಿದ್ದ ಮರುವರ್ಷ.