ನರ್ಸಮ್ಮನಿಗೆ ಒಂದು ಲೋಟ ನೀರು

ಅರವತ್ತರ ದಶಕದಲ್ಲಿ ಗುಬ್ಬಿಯಿಂದ ಕಡಬದ ನಮ್ಮ ಶಾಲೆಗೆ ಒಬ್ಬ ನರ್ಸಮ್ಮ ಬರುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೀರು ಕುದಿಸಿ ಕುಡಿಯಿರೆಂದು ಹೇಳಲು ಮನೆಮನೆಗೆ ಹೊರಡುತ್ತಿದ್ದರು. ಅವರ ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಾನು, ನನ್ನ ತರಗತಿಯ ಮಕ್ಕಳ ಸಾಲು. ಯಾರು ಬೆಲ್ಲ, ನೀರು ತಂದುಕೊಟ್ಟರೂ ಅವರದು ಒಂದೇ ಮಾತು: “ಕುದ್ಸಿದ್ದೇನಮ್ಮ?”

ಒಂದು ದಿನ ಪಟೇಲರ ಮನೆಯ ಅಜ್ಜಿ ರೇಗಿದರು. “ನಮ್ಮನೆ ಬಾವಿ ನೀರಲ್ಲೇ ಕೊಂಕು ತೆಗೀತೀಯಾ? ಸುಮ್ನೆ ಕುಡಿಯವ್ವ.”

ಕುಡಿದರೆ ಮಕ್ಕಳೆದುರು ಪಾಠ ಸುಳ್ಳಾಗುತ್ತಿತ್ತು; ಬಿಟ್ಟರೆ ಇಡೀ ಬೀದಿ ಬಾಗಿಲು ಹಾಕಿಕೊಳ್ಳುತ್ತಿತ್ತು. ನರ್ಸಮ್ಮ ಬೆಲ್ಲ ಬಾಯಿಗೆ ಹಾಕಿಕೊಂಡು ಜಗಲಿಯ ಮೇಲೆ ಕೂತರು. “ಕುದ್ಸಿ ಆರ್ಸಿ ಅಜ್ಜಿ, ಕಾಯ್ತೀವಿ.” ಮಕ್ಕಳೂ ಕೂತರು.

ನೀರು ಕುದಿದು ಆರುವಷ್ಟರಲ್ಲಿ ಊಟದ ಹೊತ್ತಾಯಿತು. ಜಗಲಿಯಲ್ಲಿ ಕೂತವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಮನೆಯಲ್ಲ ಅದು. ಅಜ್ಜಿ ಗೊಣಗುತ್ತಲೇ ಎಲ್ಲರಿಗೂ ಮುದ್ದೆ ಬಡಿಸಿದರು.

ಮರುವಾರ ನಾವು ಬೀದಿಗೆ ಕಾಲಿಡುತ್ತಲೇ ಪ್ರತಿ ಬಾಗಿಲಿನಿಂದಲೂ ಕೂಗು: “ಆರ್ಸಿಟ್ಟಿದೀವಿ ಕಣಮ್ಮ, ನಿಂತ್ಕಂಡೇ ಕುಡೀರಿ!”