ಒಬ್ಬರಿಗೆ ಜಾಗವಿತ್ತು

ಎಂಟು ವರ್ಷ ನಾನು ಚಾಮರಾಜನಗರದ ಒಂದು ಕಂಪ್ಯೂಟರ್ ಸರ್ವಿಸ್ ಕಂಪನಿಯಲ್ಲಿದ್ದೆ. ಕಂಪನಿ ಎಂದರೆ ಒಬ್ಬರು ಮಾಲೀಕರು, ಆರು ಜನ ನಾವು, ಬಿಡಿಭಾಗ ತುಂಬಿದ ಒಂದು ಕೋಣೆ, ಅಷ್ಟೇ. ಶಾಲೆ, ಆಸ್ಪತ್ರೆಗಳಲ್ಲಿ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ ಕೆಟ್ಟರೆ ಹೋಗಿ ಸರಿಮಾಡುವುದು ಕೆಲಸ. ನನ್ನ ಜೊತೆಗೆ ಬರುತ್ತಿದ್ದವನು ಗುಂಡ್ಲುಪೇಟೆ ಬಳಿಯ ಹಂಗಳ ಊರಿನ ಗೆಳೆಯ. ಹೋದ ಕಡೆ ಕುರ್ಚಿ ಎಳೆದುಕೊಂಡು ಮಾತಾಡುತ್ತಿದ್ದವನು ನಾನು, ಮೇಜಿನ ಕೆಳಗೆ ನುಸುಳಿ ರಿಪೇರಿ ಮುಗಿಸುತ್ತಿದ್ದವನು ಅವನು. ಹೊರಡುವಾಗ ಜನ ಥ್ಯಾಂಕ್ಸ್ ಹೇಳುತ್ತಿದ್ದದ್ದು ನನಗೆ. ಹಾಗಾಗಿ ಕೆಲಸವನ್ನೂ ನಾನೇ ಮಾಡುತ್ತಿದ್ದೇನೆ ಎಂದು ನನ್ನ ತಲೆಗೆ ಹೊಕ್ಕಿತ್ತು.

ಸ್ವಂತದ್ದು ಮಾಡಬೇಕೆಂಬ ಹುಚ್ಚು ಹಿಡಿದದ್ದೂ ನನಗೇ. ಮೀಟಿಂಗಿನಲ್ಲಿ ಮಾಲೀಕರು ಒಮ್ಮೆ ಎಲ್ಲರೆದುರು ಗದರಿದ್ದರು, ಅದಕ್ಕೆ ಮೈಯೆಲ್ಲ ಉರಿಯುತ್ತಿತ್ತು. ತಿಂಗಳುಗಟ್ಟಲೆ ಗೆಳೆಯನ ಪ್ರಾಣ ತಿಂದೆ.

"ಬುಡ್ಲಾ, ಸಂಬ್ಳ ಟೈಮಿಗೆ ಬತ್ತದೆ, ಸುಮ್ಕಿರು," ಎನ್ನುತ್ತಿದ್ದ.

"ಸಾಯಗಂಟ ಇನ್ನೊಬ್ರ ಬಾಗ್ಲಲ್ಲೇ ನಿಂತಿರ್ತಿಯೇನ್ಲಾ? ನಮ್ದೇ ಒಂದ್ ಮಾಡನ."

ಕೊನೆಗೆ ಒಪ್ಪಿಕೊಂಡ. ವ್ಯಾಪಾರವನ್ನು ನಂಬಿ ಅಲ್ಲ, ನನಗೆ ಇಲ್ಲ ಎನ್ನಲಾರದೆ. ಅವನ ಮನೆಗೆ ಹೋದಾಗ ಅವನ ಹೆಂಡತಿ ಮಜ್ಜಿಗೆ ಲೋಟ ಕೈಗಿಟ್ಟು, "ಅಣ್ಣ, ಇವ್ರು ಬಾಯ್ಬುಟ್ಟು ಏನೂ ಕೇಳಕಿಲ್ಲ. ನೀವೇ ನೋಡ್ಕಬೇಕು," ಎಂದಿದ್ದಳು. "ನಾನಿಲ್ವೇನವ್ವ," ಎಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ!

ಗುಂಡ್ಲುಪೇಟೆಯಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದು ಬೋರ್ಡು ತೂಗುಹಾಕಿದೆವು. ಎಲ್ಲಿ ಹೋದರೂ ಮೊದಲ ಪ್ರಶ್ನೆ, "ಯಾವ ಕಂಪನಿಯವ್ರು?" ನಮ್ಮದೇ ಎಂದರೆ, "ನಿಮ್ದೇ ಅಂದ್ರೆ?" ಎಂದು ಮೇಲಿಂದ ಕೆಳಗೆ ನೋಡುತ್ತಿದ್ದರು. ಆ ನೋಟಕ್ಕೆ ಸೋತು ನಾನು ಬಾಯಿಗೆ ಬಂದ ಭರವಸೆಯನ್ನೆಲ್ಲ ಕೊಟ್ಟುಬಿಡುತ್ತಿದ್ದೆ. ಫೋನ್ ಮಾಡಿದ ಎರಡು ಗಂಟೆಯೊಳಗೆ ಬರುತ್ತೇವೆ, ಏನೇ ಕೆಟ್ಟರೂ ಅದೇ ದಿನ ಸರಿ. ಹಳೆಯ ಕಂಪನಿ ಹೇಳುತ್ತಿದ್ದ ಮಾತೇ ಇದು. ಹೀಗೆ ಗುಂಡ್ಲುಪೇಟೆಯ ಒಂದು ಶಾಲೆ, ಚಾಮರಾಜನಗರದ ಒಂದು ನರ್ಸಿಂಗ್ ಹೋಂ, ಇನ್ನೂ ಎರಡು ಕಡೆ ಕೆಲಸ ಹಿಡಿದೆ.

"ನಾವಿರದೇ ಇಬ್ರು ಕಣ್ಲಾ. ಇರದೊಂದೇ ಗಾಡಿ. ಎಲ್ಡ್ ಗಂಟೇಲಿ ಎಂಗ್ಲಾ ಓಗದು?" ಎಂದು ಅವನು ಅಂದೇ ಕೇಳಿದ್ದ. ಆಮೇಲೆ ನೋಡಿಕೊಂಡರಾಯಿತು ಎಂದೆ.

ಹಳೆಯ ಕಂಪನಿಯಲ್ಲಿ ಆ ಮಾತಿನ ಹಿಂದೆ ಬಿಡಿಭಾಗದ ಕೋಣೆಯಿತ್ತು, ಇನ್ನೂ ನಾಲ್ಕು ಜನರಿದ್ದರು. ನಮ್ಮ ಹಿಂದೆ ಏನೂ ಇರಲಿಲ್ಲ. ನರ್ಸಿಂಗ್ ಹೋಮಿನ ಮುಖ್ಯ ಕಂಪ್ಯೂಟರ್ ಕೆಟ್ಟ ದಿನ ಬೇಕಾದ ಭಾಗ ನಮ್ಮಲ್ಲಿರಲಿಲ್ಲ. ಅವನು ಬಸ್ಸು ಹತ್ತಿ ಮೈಸೂರಿಗೆ ಹೋದ. ಅಲ್ಲಿಯೂ ಸಿಗದೆ ಮಾರನೆಯ ದಿನದವರೆಗೆ ಕಾದು ತಂದ. ಅಷ್ಟೂ ಹೊತ್ತು ರಿಪೋರ್ಟಿಗಾಗಿ ರೋಗಿಗಳು ಬೆಂಚಿನ ಮೇಲೆ ಕೂತಿದ್ದರು, ನಾನು ಅವರ ಮುಂದೆ ಈಗ ಬಂತು, ಈಗ ಬಂತು ಎನ್ನುತ್ತ ತಿರುಗುತ್ತಿದ್ದೆ. ಬಂದವನು ಅರ್ಧ ಗಂಟೆಯಲ್ಲಿ ಸರಿಮಾಡಿದ. ಆದರೂ ಅದೇ ವಾರ ನಮ್ಮನ್ನು ಬಿಡಿಸಿದರು. ಮತ್ತೆರಡು ಕಡೆಯವರೂ ನಮ್ಮನ್ನು ಕೈಬಿಟ್ಟರು. ಉಳಿದದ್ದು ಶಾಲೆಯೊಂದೇ.

ಹಳೆಯ ಮಾಲೀಕರ ಫೋನು ಬಂದದ್ದು ಆಗ. ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

"ನಿನ್ನ ಜೊತೆಗಾರನ ಫೋನು ಸಿಗ್ತಿಲ್ಲ ಕಣಪ್ಪ," ಎಂದರು. "ಒಬ್ಬರಿಗೆ ಜಾಗ ಆಗಿದೆ. ಅವನ ಕೈಕೆಲಸ ನಂಗೆ ಬೇಕು. ನಾಳೆನೇ ಬಾ ಅಂತ ಹೇಳು."

ಹಂಗಳದ ಕಡೆ ಸಿಗ್ನಲ್ ಹೋಗುವುದು ದಿನನಿತ್ಯದ ಪಾಡು. ಸಂಜೆ ಅವನು ಬಂದಾಗ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಏನು ಹೇಳಿದೆನೋ ಅದನ್ನು ಇಲ್ಲಿ ಹಾಗೇ ಬರೆಯುತ್ತೇನೆ: "ಅವನು ಬರಲ್ಲ ಸಾರ್. ಸ್ವಂತದ್ದೇ ಬೇಕು ಅಂತಾನೆ. ನಾನು ಬರ್ಲಾ ಸಾರ್?"

"ಸರಿ, ಬಾ," ಎಂದರು.

ಗೆಳೆಯನಿಗೆ ಒಬ್ಬರಿಗೆ ಮಾತ್ರ ಜಾಗವಿದೆಯಂತೆ, ನನ್ನನ್ನು ಕರೆದಿದ್ದಾರೆ ಎಂದೆ. ಮುಖ ನೋಡುವ ಧೈರ್ಯವಿಲ್ಲದೆ ಮೇಜಿನ ಡ್ರಾಯರ್ ಖಾಲಿಮಾಡುತ್ತ ಹೇಳಿದೆ. "ಓಗ್ಲಾ. ನಿಂಗೆ ಎಲ್ಡ್ ಮಕ್ಳವೆ. ನಾನು ಇಸ್ಕೂಲ್ ನೋಡ್ಕಂಡಿರ್ತೀನಿ," ಎಂದ. ನನ್ನ ಚೀಲವನ್ನು ಬಸ್ಸಿನವರೆಗೆ ಹೊತ್ತು ತಂದವನೂ ಅವನೇ.

ಕೆಲವು ತಿಂಗಳು ಕಳೆದ ಮೇಲೆ ಆ ಶಾಲೆಯ ಕೆಲಸವೂ ನಾನು ಮರಳಿ ಸೇರಿದ್ದ ಕಂಪನಿಗೆ ಬಂತು. ವಹಿಸಿಕೊಂಡು ಬರಲು ಮಾಲೀಕರು ನನ್ನನ್ನೇ ಕಳಿಸಿದರು. ಬೇರೆಯವರು ಹೋದರೆ ಅವನ ಬಾಯಿಂದ ಏನಾದರೂ ಕೇಳಿಸಿಕೊಂಡು ಬಂದಾರು ಎಂದು ನಾನೂ ಬೇಡವೆನ್ನಲಿಲ್ಲ.

ಲ್ಯಾಬಿನಲ್ಲಿ ಅವನೊಬ್ಬನೇ ಇದ್ದ. ಬಂಡೀಪುರದ ದಾರಿಯ ರೆಸಾರ್ಟೊಂದರ ಗೇಟಿನಲ್ಲಿ ಕಾವಲಿಗೆ ಸೇರುತ್ತಿದ್ದೇನೆ ಎಂದ. ಪಾಸ್‌ವರ್ಡುಗಳನ್ನೆಲ್ಲ ದುಂಡಗೆ ಬರೆದಿಟ್ಟ ಪುಸ್ತಕ ಕೊಟ್ಟ. ಯಾವ ಕಂಪ್ಯೂಟರ್ ಬಿಸಿಯಾಗುತ್ತದೆ, ಯಾವ ವೈರನ್ನು ಇಲಿ ಕಡಿದಿದೆ ಎಂದು ಒಂದೊಂದನ್ನೂ ತೋರಿಸಿದ. ಕೊನೆಗೆ, ಪುಸ್ತಕದ ಮೇಲೆ ಲ್ಯಾಬಿನ ಬೀಗದ ಕೈ ಇಡುತ್ತ ಕೇಳಿದ:

"ಸಾರು ನನ್ನ ಏನಾರ ಕೇಳುದ್ರಾ ಯಾವತ್ತಾದ್ರೂ?"

"ಇಲ್ಲ ಕಣ್ಲಾ."

ತಲೆಯಾಡಿಸಿದ. "ನನ್ ಕೆಲ್ಸ ಅವ್ರಿಗೆ ಇಡಿಸ್ತಿರ್ನಿಲ್ವೇನೋ ಬುಡು," ಎಂದ.

ನಾನು ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡೆ.